ಬಾಬೆಲಿನ ದಂಡು ಬಂದ ವರ್ಷ

ನಮ್ಮ ಮನೆಯಲ್ಲಿ ದಂಡುಗಳು ಊಟಕ್ಕೆ ಮುಂಚೆ ಬರುತ್ತಿದ್ದವು. ಸಂಜೆ ದೀಪ ಹಚ್ಚಿ, ಅಜ್ಜಿ ಮುದ್ದೆ ಕಟ್ಟಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಮೇಲೆ ಎಲ್ಲರೂ ನಡುಮನೆಯ ಚಾಪೆಯ ಮೇಲೆ ಕೂರಬೇಕು. ತಾತ ಬೆತ್ತದ ಕುರ್ಚಿಯಲ್ಲಿ ಕೂತು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವೆಂದು ನನ್ನನ್ನು ಕೇಳುತ್ತಿದ್ದರು. ನಾನು ಸತ್ಯವೇದದೊಳಗೆ ಗುರುತಿಗೆಂದು ಇಟ್ಟಿದ್ದ ಕೋಳಿಪುಕ್ಕ ತೆಗೆದು ಅಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದುತ್ತಿದ್ದೆ. ತಾತನ ಹೆಸರು ಸಮಾಧಾನಪ್ಪ. ಬಹಳ ವರ್ಷ ಸ್ಕೂಲ್ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ಬೂದಿಗೆರೆಯ ಸುತ್ತಮುತ್ತಲ ಹದಿನೈದಿಪ್ಪತ್ತು ಕ್ರೈಸ್ತ ಮನೆಗಳಿಗೆ ಅವರೇ ಉಪದೇಶಿ. ಪಾದ್ರಿಯ ದೀಕ್ಷೆ ಇರಲಿಲ್ಲ, ಆದರೆ ಸಭೆಗೆ ಉಪದೇಶದ ಪ್ರಸಂಗ ಮಾಡುವುದು, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಜಗಳ ಬಿಡಿಸುವುದು ಎಲ್ಲ ಅವರದೇ. ಭಾನುವಾರ ನಮ್ಮ ನಡುಮನೆಯೇ ಪ್ರಾರ್ಥನೆಯ ಮನೆ. ಅವರ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದೆ ಹೋದಾಗ ನನಗೆ ಎಂಟು ವರ್ಷ. ಅಂದಿನಿಂದ ಅವರ ಓದುವ ಕಣ್ಣು ನಾನೇ ಆದೆ. ಅಪ್ಪ ಓದಿದರೆ ತಡವರಿಸುತ್ತಾನೆ, ಅಜ್ಜಿಗೆ ಅಕ್ಷರ ಬರುವುದಿಲ್ಲ, ನನ್ನ ಗಂಟಲು ಕಂಚಿನ ಹಾಗಿದೆ ಎಂದು ತಾತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತಿಗೆ ನಾನು ಹಿಗ್ಗಿ ಇನ್ನೂ ಗಟ್ಟಿಯಾಗಿ ಓದುತ್ತಿದ್ದೆ.

ತಾತನಿಗೆ ಕಳೆದುಹೋದ ಕುರಿಯ ಕಥೆ, ನೀರು ದ್ರಾಕ್ಷಾರಸವಾದ ಕಥೆಗಳೆಲ್ಲ ಚಿಕ್ಕ ಮಕ್ಕಳ ಪಾಠ. ಅವರಿಗೆ ಬೇಕಾಗಿದ್ದವರು ಪ್ರವಾದಿಗಳು. ಅದರಲ್ಲೂ ದಂಡು ಬರುವ ಜಾಗಗಳು. ದೇವರು ತನ್ನ ಜನರ ಮೇಲೆ ಸಿಟ್ಟಾದಾಗ ದೂರದ ಒಂದು ರಾಜ್ಯಕ್ಕೆ ಶಿಳ್ಳೆ ಹಾಕುತ್ತಾನೆ. ಅಶ್ಶೂರದ ರಾಜ ತನ್ನ ಬಲದಿಂದಲೇ ಹೊರಟೆನೆಂದು ಬೀಗುತ್ತ ಬರುತ್ತಾನೆ, ಆದರೆ ಅವನು ದೇವರ ಕೈಯಲ್ಲಿರುವ ಬರೀ ದೊಣ್ಣೆ. ಆಮೇಲೆ ಬಾಬೆಲಿನ ಸರದಿ. ತಾತ ನೆಲದ ಕಡಪಕಲ್ಲಿನ ಮೇಲೆ ಸೀಮೆಸುಣ್ಣದಿಂದ ನದಿ ಎಳೆದು, ಬಾಬೆಲಿಗೂ ಯೆರೂಸಲೇಮಿಗೂ ಒಂದೊಂದು ಸೊನ್ನೆ ಸುತ್ತಿ, ಹುಣಸೆಬೀಜಗಳನ್ನು ಸಾಲಾಗಿ ದಾಟಿಸುತ್ತಿದ್ದರು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಆ ದಾರಿ ಗೊತ್ತಿತ್ತು. ನಾನು ನೋಡಿದ್ದ ದಂಡೆಂದರೆ ಹೊಸಕೋಟೆಯ ಹಳೇ ಮದ್ರಾಸು ರಸ್ತೆಯಲ್ಲಿ ಸಾಲಾಗಿ ಹೋಗುವ ಹಸಿರು ಲಾರಿಗಳು ಮಾತ್ರ. ಆ ಲಾರಿಗಳಲ್ಲಿದ್ದವರಿಗೆ ತಮ್ಮನ್ನು ಕಳಿಸಿದ್ದು ಯಾರೆಂದು ಗೊತ್ತಿಲ್ಲ, ನನಗೆ ಗೊತ್ತಿದೆ ಎಂದು ಕೈ ಬೀಸುತ್ತಿದ್ದೆ. ಲೋಕದಲ್ಲಿ ಏನೇ ನಡೆದರೂ ಹಗ್ಗದ ತುದಿ ಒಬ್ಬನ ಕೈಯಲ್ಲಿದೆ ಎಂಬ ನಂಬಿಕೆ ಹುಡುಗಿಯೊಬ್ಬಳಿಗೆ ಎಷ್ಟು ಬೆಚ್ಚಗಿತ್ತೆಂದು ಈಗಲೂ ನೆನಪಿದೆ. ಅದನ್ನು ಸುಳ್ಳೆಂದು ಹೇಳಲಾರೆ. ಆ ಬಿಸುಪಿನೊಳಗೆ ನಮ್ಮಮ್ಮನಿಗೆ ಜಾಗವಿರಲಿಲ್ಲ ಎನ್ನುವುದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಅಮ್ಮ ಸುಗುಣ ಹೊಸಕೋಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವಳು. ಹೆರಿಗೆ ಕೆಲಸದಲ್ಲಿ ಅವಳ ಕೈ ಚೆನ್ನಾಗಿದೆ ಎಂದು ಬೂದಿಗೆರೆಯ ಹೆಂಗಸರು ನೋವು ಶುರುವಾದರೆ ಡಾಕ್ಟರಿಗೆ ಮುಂಚೆ ಅವಳನ್ನು ಕೇಳುತ್ತಿದ್ದರು. ಕುವೈತಿನ ಸರ್ಕಾರಿ ಆಸ್ಪತ್ರೆಗೆ ನರ್ಸುಗಳು ಬೇಕೆಂಬ ಸುದ್ದಿ ಬಂದಾಗ ಅವಳು ಬೆಂಗಳೂರಿಗೆ ಹೋಗಿ ಸಂದರ್ಶನ ಮುಗಿಸಿಕೊಂಡು ಬಂದ ಮೇಲೆಯೇ ಮನೆಯಲ್ಲಿ ಹೇಳಿದ್ದು. ಅಪ್ಪ ದನದ ಆಸ್ಪತ್ರೆಯ ಕಾಂಪೌಂಡರ್, ಮೆತ್ತಗಿನ ಮನುಷ್ಯ, ಅವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಊಟದ ಹೊತ್ತಿನಲ್ಲಿ ಅಮ್ಮ ವಿಷಯ ಎತ್ತಿದಳು. ಹುರುಳಿ ಸಾರು, ಮುದ್ದೆ. ತಾತ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ಎತ್ತಿದರು. ದೇವರನ್ನು ನಂಬದೆ ಸಹಾಯಕ್ಕೆಂದು ಪರದೇಶದ ಐಗುಪ್ತಕ್ಕೆ ಇಳಿದುಹೋದವರ ಗತಿ ಏನಾಯಿತೆಂದು ಈ ಮನೆಯಲ್ಲಿ ದಿನಾ ಓದುತ್ತೇವೆ, ಕೇಳಿಸಿಕೊಳ್ಳುವವರು ಮಾತ್ರ ಯಾರೂ ಇಲ್ಲ ಎಂದರು.

"ನಾನು ಐಗುಪ್ತಕ್ಕೆ ಹೋಗ್ತಿಲ್ಲ ಮಾವ, ಆಸ್ಪತ್ರೆಗೆ ಹೋಗ್ತಿದೀನಿ," ಅಂದಳು ಅಮ್ಮ. "ಅಲ್ಲೂ ಹೆಂಗಸರೇ ಹೆರೋದು."

ತಾತ ಎದ್ದು ಕೈ ತೊಳೆದುಕೊಂಡರು. ಅವರು ಬಿಟ್ಟ ಮುದ್ದೆಯನ್ನು ಅಮ್ಮ ನೋಡಲಿಲ್ಲ, ತನ್ನದನ್ನು ಪೂರ್ತಿ ಉಂಡಳು. ನನಗೆ ಒಂಬತ್ತು ವರ್ಷ. ನಮ್ಮ ಮನೆಯಲ್ಲಿ ತಾತನಿಗೆ ಎದುರಾಡಿದ ಮೇಲೂ ಊಟ ಸೇರುತ್ತದೆ ಎಂಬುದನ್ನು ನಾನು ಮೊದಲು ನೋಡಿದ್ದು ಆವತ್ತು. ಹದಿನೈದು ದಿನಕ್ಕೆ ಅವಳು ಹೊರಟಳು. ಪ್ರಯಾಣಕ್ಕೆ ಹೋಗುವವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ತಾತನ ಪದ್ಧತಿ. ಆವತ್ತು ತಾತ ಕಾಯಿಲೆಯವರನ್ನು ನೋಡಲೆಂದು ಬೆಳಗ್ಗೆಯೇ ಪಕ್ಕದ ಹೋಬಳಿ ಚನ್ನರಾಯಪಟ್ಟಣದ ಕಡೆಗೆ ಹೋಗಿಬಿಟ್ಟಿದ್ದರು. ಅಜ್ಜಿಯೇ ಅಮ್ಮನ ತಲೆಯ ಮೇಲೆ ಕೈಯಿಟ್ಟು, ಮಾತು ಹೊಳೆಯದೆ, ಹೋಗ್ಬಿಟ್ಟು ಬಾ ಎಂದಷ್ಟೇ ಹೇಳಿದರು.

ಅಮ್ಮ ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ ಕಳಿಸುವುದು ಹೆಚ್ಚು. ಊರಿಗೆ ಬರುವ ಯಾರಾದರೂ ಕೇರಳದ ನರ್ಸು ಬೆಂಗಳೂರಿನಲ್ಲಿ ಅಂಚೆಗೆ ಹಾಕಿದ ಪೊಟ್ಟಣದಲ್ಲಿ ಹಾಲಿನಪುಡಿಯ ಡಬ್ಬಿ, ನೋವಿನ ಮುಲಾಮು, ಮಧ್ಯದಲ್ಲಿ ಬಟ್ಟೆ ಸುತ್ತಿದ ಕ್ಯಾಸೆಟ್ಟು. ಅದರೊಳಗೆ ಅಮ್ಮ ಮಾತಾಡುತ್ತಿದ್ದಳು. ಲೆಕ್ಕ ಸರಿಯಾಗಿ ಮಾಡ್ತಿದ್ದೀಯಾ, ಅಜ್ಜಿಯ ಮಂಡಿ ಹೇಗಿದೆ, ನೆನ್ನೆ ಅವಳಿ ಮಕ್ಕಳು ಹುಟ್ಟಿದವು, ಎರಡೂ ನಿನ್ನ ಹಾಗೆ ಕಿರುಚುತ್ತವೆ. ನಾವು ಅದನ್ನು ಹಾಕಿದ ಕೂಡಲೇ ತಾತ ಎದ್ದು ಜಗುಲಿಗೆ ಹೋಗಿಬಿಡುತ್ತಿದ್ದರು. ಜಗುಲಿಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಕಿಟಕಿ. ಅದನ್ನು ಅವರು ಯಾವತ್ತೂ ಮುಚ್ಚಲು ಹೇಳಲಿಲ್ಲ.

ನನಗೆ ಹನ್ನೊಂದು ತುಂಬಿದ್ದ ವರ್ಷ, ಮಳೆಗಾಲದ ಒಂದು ಬೆಳಗ್ಗೆ ರೇಡಿಯೋ ವಾರ್ತೆಯಲ್ಲಿ ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿದೆ ಎಂದರು. ಅಪ್ಪ ಅರ್ಧ ಗಡ್ಡ ಹೆರೆದಿದ್ದವನು ಸೋಪು ಮೆತ್ತಿದ ಮುಖದಲ್ಲೇ ಬಂದು ರೇಡಿಯೋ ಮುಂದೆ ಕೂತ. ಪಕ್ಕದ ಮನೆಯ ಫಾತಿಮಾ ಖಾಲಾ ಗೋಡೆಯ ಆಚೆಯಿಂದ ಕೂಗಿದರು. ಅವರ ಮಗ ರಿಯಾಜ್ ಕುವೈತಿನಲ್ಲೇ ಡ್ರೈವರ್. ಆವತ್ತಿನಿಂದ ದಿನಾ ಬೆಳಗ್ಗೆ ಅವರು ನಮ್ಮ ಮೆಟ್ಟಿಲ ಮೇಲೆ ಕೂತು ವಾರ್ತೆ ಕೇಳಿ ಹೋಗುತ್ತಿದ್ದರು. ಕಾಗದವಿಲ್ಲ, ಕ್ಯಾಸೆಟ್ಟಿಲ್ಲ. ಅಪ್ಪ ಬೆಂಗಳೂರಿಗೆ ಹೋಗಿ ಯಾವುದೋ ಕಚೇರಿಯ ಮುಂದೆ ದಿನವೆಲ್ಲ ನಿಂತು ಅಮ್ಮನ ಹೆಸರು ಬರೆಸಿ ಬಂದ. ಅವರು ಏನಂದರು ಎಂದರೆ, ಹೆಸರು ಬರೆದುಕೊಂಡರು ಎಂದ.

ಮುಂದಿನ ವಾರದ ಶನಿವಾರ ಮಧ್ಯಾಹ್ನ ತಾತ ನನ್ನನ್ನು ಕರೆದು ಓದಲು ಹೇಳಿದರು. ಪ್ರತಿ ಶನಿವಾರ ಮಾರನೆಯ ದಿನದ ಪ್ರಸಂಗಕ್ಕೆ ಹೀಗೆ ಓದಿಸುತ್ತಿದ್ದರು. ಯೆರೆಮೀಯನ ಪುಸ್ತಕದಲ್ಲಿ ಒಂದು ಜಾಗ. ಯುದ್ಧಕ್ಕೆ ಹೆದರಿ ದೇವರ ಮಾತು ಮೀರಿ ಐಗುಪ್ತಕ್ಕೆ ಹೊರಟವರಿಗೆ ಪ್ರವಾದಿ ಹೇಳುತ್ತಾನೆ, ನೀವು ಹೆದರುವ ಕತ್ತಿ ನಿಮ್ಮನ್ನು ಹಿಂಬಾಲಿಸಿ ಅಲ್ಲಿಗೇ ಬರುತ್ತದೆ ಎಂದು. ತಾತ ಎರಡು ಸಲ ಓದಿಸಿದರು. ಎರಡು ಸಲವೂ ನಾನು ಚೆನ್ನಾಗಿ ಓದಿದೆ. ಚೆನ್ನಾಗಿ ಓದಿದರೆ ಅಮ್ಮನಿಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆ.

ಭಾನುವಾರ ನಡುಮನೆ ತುಂಬಿತ್ತು. ತಾತ ನನ್ನಿಂದ ಅದನ್ನೇ ಓದಿಸಿ ಪ್ರಸಂಗ ಶುರುಮಾಡಿದರು. ಬಾಬೆಲ್ ಎಲ್ಲಿತ್ತು ಗೊತ್ತೇ, ಇವತ್ತು ಇರಾಕ್ ಅನ್ನುವ ಅದೇ ನೆಲದಲ್ಲಿ, ಅದೇ ನದಿಯ ದಡದಲ್ಲಿ. ಅಲ್ಲಿಂದ ದಂಡು ಮತ್ತೆ ಎದ್ದಿದೆ ಎಂದರೆ ಶಿಳ್ಳೆ ಹಾಕಿದವನು ಯಾರೆಂದು ನಾನು ಹೇಳಬೇಕಾಗಿಲ್ಲ ಎಂದರು. ಬಂಗಾರದ ಮೇಲೆ ಕಟ್ಟಿದ ಊರು ಒಂದೇ ಬೆಳಗಿನಲ್ಲಿ ಬಿತ್ತು. ಬಂಗಾರಕ್ಕಾಗಿ ದೇವರ ಜನರನ್ನು ಬಿಟ್ಟು ಹೋದವರನ್ನು ಕತ್ತಿ ಅಲ್ಲಿಗೇ ಹುಡುಕಿಕೊಂಡು ಹೋಯಿತು. ಅಮ್ಮನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಚಾಪೆಯ ಮೇಲಿದ್ದವರೆಲ್ಲ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಅಪ್ಪ ತನ್ನ ಕಾಲ್ಬೆರಳು ನೋಡಿಕೊಂಡು ಕೂತಿದ್ದ. ನನ್ನ ತೊಡೆಯ ಮೇಲೆ ಸತ್ಯವೇದ ತೆರೆದೇ ಇತ್ತು. ಆ ಮಾತನ್ನು ಸಭೆಗೆ ಓದಿ ಹೇಳಿದ್ದು ನನ್ನ ಬಾಯಿ. ತಾತನಿಗಿಂತ ಮೊದಲು ನಾನೇ ನಮ್ಮಮ್ಮನಿಗೆ ತೀರ್ಪು ಕೊಟ್ಟ ಹಾಗಾಯಿತು. ಜೀವನದಲ್ಲಿ ಆಮೇಲೆ ಬೇರೆ ಬೇರೆಯವರು ನನ್ನನ್ನು ಬಳಸಿಕೊಂಡಿದ್ದಾರೆ, ಆದರೆ ಆ ಭಾನುವಾರದಷ್ಟು ಮೈ ಉರಿದದ್ದು ಇನ್ನೊಮ್ಮೆ ಇಲ್ಲ.

ಮೊದಲು ತಿರುಗಿಬಿದ್ದದ್ದು ಅಜ್ಜಿ. ನಮ್ಮ ಸಂಜೆಯ ಪ್ರಾರ್ಥನೆಯಲ್ಲಿ ತಾತ ಪ್ರಾರ್ಥಿಸುವುದು, ಅಜ್ಜಿ ಆಮೆನ್ ಹೇಳುವುದು. ಅಜ್ಜಿಯ ಆಮೆನ್ ಬಂದ ಮೇಲೇ ಊಟ. ಆ ಸಂಜೆ ತಾತ ಪ್ರಾರ್ಥನೆ ಮುಗಿಸಿ ಕಾದರು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು, ತುಟಿ ಬಿಚ್ಚಲಿಲ್ಲ. ತಾತ ಕೇಳಿಸಲಿಲ್ಲವೇನೋ ಎಂದು ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿದರು. ಅಜ್ಜಿ ಎದ್ದು ಒಳಗೆ ಹೋಗಿ ತಟ್ಟೆಗಳನ್ನು ಜೋಡಿಸಿದರು. ಮುದ್ದೆ ಆರಿತ್ತು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ನಲವತ್ತು ವರ್ಷ ಗಂಡನ ಪ್ರಾರ್ಥನೆಗೆ ಒಪ್ಪಿಗೆ ಹಾಕಿದ್ದ ಹೆಂಗಸು ಅದನ್ನು ವಾಪಸು ತೆಗೆದುಕೊಂಡದ್ದು ಹೀಗೆ.

ಕೆಲವು ದಿನವಾದ ಮೇಲೆ ಫಾತಿಮಾ ಖಾಲಾ ವಾರ್ತೆ ಮುಗಿದರೂ ಮೆಟ್ಟಿಲಿಂದ ಏಳಲಿಲ್ಲ. ನಮ್ಮ ಪ್ರಸಂಗದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ನಿಮ್ಮೆಜಮಾನ್ರು ಹೇಳಿದ್ರಂತೆ, ದೇವ್ರೇ ಕಳಿಸಿದ್ದು ಅಂತ," ಎಂದರು ಅಜ್ಜಿಗೆ. "ನನ್ ಮಗ ಏನ್ ಮಾಡಿದ್ದ ಕರುಣಮ್ಮ?"

ಅಜ್ಜಿ ಅವರ ಕೈ ಹಿಡಿದುಕೊಂಡರು. ಖಾಲಾ ಹೋದ ಮೇಲೆ ನನ್ನನ್ನು ಹಿತ್ತಲಿಗೆ ಕರೆದರು. ಅಷ್ಟು ದಪ್ಪದ ಪುಸ್ತಕದಲ್ಲಿ ಇದಕ್ಕೆ ಎದುರು ಮಾತಾಡಿದವರು ಒಬ್ಬರೂ ಇಲ್ಲವೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

"ನಿಂಗೆ ಓದಾಕ್ ಬತ್ತದಲ್ಲ," ಅಂದರು ಅಜ್ಜಿ. "ಹುಡ್ಕು."

ನಾನು ಹುಡುಕಿದೆ. ಸ್ಕೂಲಿನಿಂದ ಬಂದು, ತಾತ ಮಲಗಿರುವ ಹೊತ್ತು ನೋಡಿ, ಸತ್ಯವೇದವನ್ನು ಲಂಗದೊಳಗೆ ಸುತ್ತಿಕೊಂಡು ದನದ ಕೊಟ್ಟಿಗೆಯ ಹಿಂದಿನ ಸೀಬೆಮರದ ಕೆಳಗೆ ಕೂರುತ್ತಿದ್ದೆ. ಯಾವ ಮೇಷ್ಟರೂ ಹೇಳಿಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ನಾನು ಮಾಡಿದ ಮೊದಲ ಓದು ಅದು. ಮೂರನೆಯ ವಾರ, ಎರಡು ಪುಟದಷ್ಟೇ ಇರುವ ಹಬಕ್ಕೂಕನೆಂಬ ಸಣ್ಣ ಪ್ರವಾದಿಯ ಹತ್ತಿರ ಬಂದೆ. ಶುರು ನನಗೆ ಬಾಯಿಪಾಠವಾಗಿತ್ತು. ಬಾಬೆಲಿನವರನ್ನು ಎಬ್ಬಿಸುತ್ತಿದ್ದೇನೆ, ಅವರ ಕುದುರೆಗಳು ಚಿರತೆಗಿಂತ ವೇಗ ಎಂದು ದೇವರು ಹೇಳುವ ಜಾಗ ಅದು. ತಾತನಿಗೆ ಪ್ರಾಣ. ಎಷ್ಟೋ ಸಲ ಓದಿಸಿದ್ದರು, ಆ ಕುದುರೆಗಳು ಬಂದು ಕೋಟೆ ಹಿಡಿಯುವಷ್ಟರಲ್ಲಿ ಇಲ್ಲಿಗೆ ಸಾಕು ಎಂದು ನಿಲ್ಲಿಸುತ್ತಿದ್ದರು. ನಾನು ಮುಂದಕ್ಕೆ ಓದಿದೆ. ಮುಂದಿನ ಸಾಲಿನಲ್ಲೇ ಪ್ರವಾದಿ ದೇವರ ಜೊತೆ ಜಗಳಕ್ಕೆ ನಿಂತಿದ್ದ. ಕೆಟ್ಟದ್ದನ್ನು ನೋಡಲಾರದಷ್ಟು ಶುದ್ಧ ನಿನ್ನ ಕಣ್ಣು, ಹಾಗಿದ್ದ ಮೇಲೆ ಇದನ್ನು ನೋಡಿಕೊಂಡು ಸುಮ್ಮನೆ ಹೇಗಿದ್ದೀಯ ಎಂದು ಕೇಳುತ್ತಿದ್ದ. ತನಗಿಂತ ಒಳ್ಳೆಯವರನ್ನು ದುಷ್ಟನು ನುಂಗುತ್ತಿದ್ದಾನೆ, ಮನುಷ್ಯರನ್ನು ಮೀನಿನಂತೆ ಬಲೆಗೆ ಹಾಕಿ ಎಳೆಯುತ್ತಿದ್ದಾನೆ, ಇದು ಹೀಗೇ ನಡೆಯಬೇಕೇ ಎಂದು. ಅಷ್ಟು ಕೇಳಿ ಅವನು ತಪ್ಪಾಯಿತು ಎನ್ನಲಿಲ್ಲ. ಕಾವಲುಗೋಪುರ ಹತ್ತಿ ನಿಲ್ಲುತ್ತೇನೆ, ಉತ್ತರ ಏನು ಬರುತ್ತದೋ ನೋಡುತ್ತೇನೆ ಎಂದ.

ನಾನು ಓಡಿಹೋಗಿ ಅಜ್ಜಿಗೆ ಓದಿ ಹೇಳಿದೆ. ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿ ಇನ್ನೊಂದು ಸಲ ಓದು ಎಂದರು. ಮೀನು ಎಂದೇ ಬರೆದಿದೆಯೇ ಎಂದು ಕೇಳಿದರು. ಹೌದು ಎಂದೆ. ದೇವರು ಅವನನ್ನು ಹೊಡೆದನೇ ಎಂದು ಕೇಳಿದರು. ಇಲ್ಲ, ಉತ್ತರ ಕೊಟ್ಟ, ನುಂಗಿದವನಿಗೂ ಒಂದು ದಿನ ಇದೆ ಎಂದ, ಅದು ತಡವಾದರೂ ಕಾದಿರು ಎಂದ ಎಂದು ಹೇಳಿದೆ. ಅಜ್ಜಿ, "ಅಂಗಾರೆ ಕೇಳಬೌದು," ಎಂದು ಮತ್ತೆ ಸೊಪ್ಪು ಸೋಸತೊಡಗಿದರು.

ಪ್ರಸಂಗಕ್ಕೆ ಮುಂಚೆ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಸಮಯವಿರುತ್ತದೆ. ದೇವರು ಆ ವಾರ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಆ ಭಾನುವಾರ ಒಬ್ಬರು ಹಸು ಬದುಕಿದ್ದನ್ನು ಹೇಳಿ ಕೂತ ಮೇಲೆ ನಾನು ಎದ್ದೆ. ತಾತ ದಿನಾ ನಿಲ್ಲಿಸುತ್ತಿದ್ದ ಜಾಗದಿಂದ ಶುರುಮಾಡಿ ಪ್ರವಾದಿಯ ಜಗಳವನ್ನು ಪೂರ್ತಿ ಓದಿದೆ. ಓದಿ ಮುಗಿಸಿ, ತಾತ, ಹೋದ ತಿಂಗಳು ನೀವು ನನ್ನಿಂದ ಓದಿಸಿದ್ದಕ್ಕೆ ಇದು ಎದುರಾಗಿದೆ, ಇದನ್ನು ಯಾಕೆ ಓದಿಸಲಿಲ್ಲ ಎಂದು ಕೇಳಿದೆ. ತಾತ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಕೂತುಕೋ ಎಂದರು. ನಾನು ಕೂರಲಿಲ್ಲ.

"ಅವನು ಪ್ರವಾದಿ, ಕೇಳಿದ," ಎಂದರು ತಾತ. "ನೀನು ಯಾರು ಕೇಳೋದಕ್ಕೆ?"

"ನಮ್ಮಮ್ಮ ಅಲ್ಲಿದಾಳೆ," ಅಂದೆ.

ತಾತ ಕಡೆಯ ಹಾಡಿನ ನಂಬರು ಹೇಳಿಬಿಟ್ಟರು. ಆವತ್ತು ಪ್ರಸಂಗವೇ ಆಗಲಿಲ್ಲ. ಹಾಡು ಶುರುವಾಗಿ ಎಲ್ಲರೂ ಎದ್ದರು, ಹಾಡು ಮುಗಿದು ಎಲ್ಲರೂ ಕೂತರು, ನಾನು ನಿಂತೇ ಇದ್ದೆ. ಹಿರಿಯರೊಬ್ಬರು ಹೊರಡುವಾಗ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳು ಎಂದು ಅಪ್ಪನಿಗೆ ಹೇಳಿಹೋದರು. ಅಪ್ಪ ಬುದ್ಧಿ ಹೇಳಲಿಲ್ಲ. ಸಂಜೆ ದನದ ಆಸ್ಪತ್ರೆಯ ತನಕ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗಿ, ದಾರಿಯಲ್ಲಿ, ನಾನು ಹೇಳಬೇಕಾಗಿದ್ದನ್ನು ನೀನು ಹೇಳಿದೆ ಎಂದ. ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಲಿಲ್ಲ. ಹಾಗಿದ್ದರೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಪೆಡಲ್ ತುಳಿಯುತ್ತಲೇ ಇದ್ದ.

ಮಾರನೆಯ ಸಂಜೆಯಿಂದ ಓದುವ ಕೆಲಸ ನನ್ನ ಕೈ ತಪ್ಪಿತು. ತಾತ ಸತ್ಯವೇದವನ್ನು ಅಪ್ಪನ ಕಡೆಗೆ ಚಾಚಿದರು. ಅಪ್ಪ ಒಂದೊಂದು ಹೆಸರಿಗೂ ಎಡವುತ್ತ, ನೆಬೂಕದ್ನೆಚ್ಚರನ ಹತ್ತಿರ ಬಂದು ಉಸಿರು ಕಟ್ಟಿ ನಿಲ್ಲುತ್ತಿದ್ದ. ತಾತ ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತಿದ್ದರು. ನನಗೆ ಪ್ರತಿ ಹೆಸರೂ ನಾಲಿಗೆಯ ತುದಿಯಲ್ಲಿತ್ತು. ಒಂದನ್ನೂ ಹೇಳಿಕೊಡಲಿಲ್ಲ. ತಾತ ನನ್ನೊಂದಿಗೆ ಮಾತು ಬಿಟ್ಟರು, ನಾನೂ ಬಿಟ್ಟೆ. ಒಂದು ತಿಂಗಳ ಮೇಲೆ ಹಾಗೆ ನಡೆಯಿತು. ಅವರ ಕಾಫಿ ಲೋಟವನ್ನು ಕುರ್ಚಿಯ ಕೈಯ ಹತ್ತಿರ ಕುಕ್ಕಿ ಬರುತ್ತಿದ್ದೆ. ಸದ್ದಿನಿಂದಲೇ ಅವರಿಗೆ ಯಾರೆಂದು ಗೊತ್ತಾಗುತ್ತಿತ್ತು.

ಅಮ್ಮ ಬಾಂಬೆಗೆ ಬಂದು ಮುಟ್ಟಿದಳೆಂಬ ಟೆಲಿಗ್ರಾಂ ಬಂದ ಮೂರನೆಯ ದಿನ, ಮಧ್ಯಾಹ್ನದ ಬಸ್ಸಿನಿಂದ ಇಳಿದಳು. ಒಂದು ಪ್ಲಾಸ್ಟಿಕ್ ಚೀಲ, ಯಾರದೋ ಗಂಡಸಿನ ಶರಟು, ಕಾಲಿಗೆ ಎರಡು ಬೇರೆ ಬೇರೆ ಅಳತೆಯ ಚಪ್ಪಲಿ. ಬಿಸಿಲಿಗೆ ಮುಖ ಸುಲಿದು ಗುರುತು ಸಿಗುತ್ತಿರಲಿಲ್ಲ. ನಾನು ತಬ್ಬಿಕೊಳ್ಳದೆ ಬಿಮ್ಮನೆ ನಿಂತೆ, ಎರಡು ವರ್ಷದ ಸಿಟ್ಟು ಅವಳ ಮೇಲೂ ಇತ್ತೆಂದು ಆಗಲೇ ಗೊತ್ತಾದದ್ದು. ಅವಳು ಚೀಲ ಕೆಳಗಿಟ್ಟು, ಎಷ್ಟುದ್ದ ಆಗಿಬಿಟ್ಟೆ ಎಂದಳು. ಆಮೇಲೆ ತಬ್ಬಿಕೊಂಡವಳು ನಾನೇ ಬಿಡಲಿಲ್ಲ. ಫಾತಿಮಾ ಖಾಲಾ ಗೇಟಿನಲ್ಲೇ ನಿಂತಿದ್ದರು. ಅವರಿಗೆ ಹೇಳಲು ಅಮ್ಮನ ಹತ್ತಿರ ಏನೂ ಇರಲಿಲ್ಲ. ರಿಯಾಜನನ್ನು ಅವಳು ನೋಡಿರಲಿಲ್ಲ. ಅವನು ಇನ್ನೂ ಎರಡು ವಾರವಾದ ಮೇಲೆ ಬಂದ, ಅರ್ಧ ಮನುಷ್ಯನಾಗಿ. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ.

ಬಂದ ದಿನದ ಸಂಜೆಯೇ ಊಟದ ಹೊತ್ತಿನಲ್ಲಿ ಅಮ್ಮ ಅಲ್ಲಿನದನ್ನೆಲ್ಲ ಹೇಳಿದಳು. ತಾತನ ಪ್ರಸಂಗದ ವಿಷಯ ಅಷ್ಟರಲ್ಲಿ ಅಜ್ಜಿ ಒಲೆಯ ಮುಂದೆ ಅವಳಿಗೆ ತಿಳಿಸಿಯಾಗಿತ್ತು. ಸೈನಿಕರು ಆಸ್ಪತ್ರೆಗೆ ಬಂದದ್ದು, ಮಂಚ, ಯಂತ್ರ, ಆಂಬುಲೆನ್ಸುಗಳನ್ನು ಲಾರಿಗೆ ತುಂಬಿಕೊಂಡು ಹೋದದ್ದು, ಒಬ್ಬ ಡಾಕ್ಟರನ್ನು ಕರೆದುಕೊಂಡು ಹೋದವರು ವಾಪಸು ಕಳಿಸದೆ ಇದ್ದದ್ದು. ಅವರಲ್ಲೇ ಒಬ್ಬನಿಗೆ ವಿಪರೀತ ಜ್ವರ, ಮೀಸೆಯೂ ಸರಿಯಾಗಿ ಬಂದಿಲ್ಲ, ಹೆರಿಗೆ ವಾರ್ಡಿನ ನೆಲದ ಮೇಲೆ ಬಂದೂಕು ತಬ್ಬಿಕೊಂಡು ಮಲಗಿಬಿಟ್ಟಿದ್ದ. ಬೇರೆ ನರ್ಸುಗಳು ಮುಟ್ಟಲಿಲ್ಲ. ಅಮ್ಮ ಎರಡು ದಿನ ಒದ್ದೆ ಬಟ್ಟೆ ಹಾಕಿದಳು. ಆಮೇಲೆ ಓಡಿಬಂದ ದಾರಿ. ಬಸ್ಸಿನಲ್ಲಿ ಇರಾಕಿನ ಉದ್ದಕ್ಕೂ ಬಂದು, ಮರುಭೂಮಿಯ ಡೇರೆಗಳಲ್ಲಿ ಸರದಿಗೆ ನಿಂತು, ವಿಮಾನ ಹತ್ತಿದ್ದು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಲ್ಲಿ ಒಬ್ಬಳು ಮುದುಕಿ ಕೊಡದಲ್ಲಿ ನೀರು, ರೊಟ್ಟಿ, ಟೊಮೇಟೊ ತಂದುಕೊಟ್ಟಳಂತೆ. ಅವಳ ಇಬ್ಬರು ಮಕ್ಕಳನ್ನೂ ದಂಡಿಗೆ ಎಳೆದುಕೊಂಡು ಹೋಗಿದ್ದರಂತೆ.

ತಾತ ಅಷ್ಟೂ ಕೇಳಿ, ಎಲ್ಲರೂ ಬೇರೇನೋ ನಿರೀಕ್ಷಿಸುತ್ತಿರುವಾಗ, ನದಿ ನೋಡಿದೆಯಾ ಎಂದು ಕೇಳಿದರು. ಚಿಕ್ಕ ಹುಡುಗನ ಆಸೆ ಆ ದನಿಯಲ್ಲಿತ್ತು. ನೋಡಿದೆ, ಮಳೆ ಬಂದಾಗ ನಮ್ಮ ಕೆರೆಯ ನೀರು ಇರುತ್ತಲ್ಲ, ಹಾಗೆ ಕೆಂಪಗೆ ಎಂದಳು ಅಮ್ಮ. ತಾತ ತಲೆಯಾಡಿಸಿದರು. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆ ದಂಡನ್ನ ದೇವರೇ ಕಳಿಸಿದ್ದು ಅಂತ ಹೇಳಿದ್ರಂತೆ ಮಾವ," ಎಂದಳು. "ಇರಬಹುದು. ಅವರಲ್ಲೊಬ್ಬನಿಗೆ ಜ್ವರ ಬಂದಾಗ ನೋಡಿಕೊಂಡವಳು ನಾನು. ನನ್ನನ್ನ ಅಲ್ಲಿಗೆ ಕಳಿಸಿದ್ದು ಯಾರು ಅಂತಲೂ ಒಂದು ಪ್ರಸಂಗ ಮಾಡಿ."

ತಾತ ಮುಂದಿನ ಭಾನುವಾರ ಆ ಪ್ರಸಂಗ ಮಾಡಲಿಲ್ಲ. ಹೊಸ ವರ್ಷದ ಮೊದಲ ತಿಂಗಳು ಇರಾಕಿನ ಮೇಲೆ ಬಾಂಬು ಬೀಳತೊಡಗಿದಾಗ ಮಾತ್ರ ಮತ್ತೆ ಅವರಿಗೆ ಜೀವ ಬಂತು. ದೊಣ್ಣೆಯನ್ನು ಬಳಸಿ ಮುಗಿದ ಮೇಲೆ ದೇವರು ಅದನ್ನು ಮುರಿದು ಒಲೆಗೆ ಹಾಕುತ್ತಾನೆಂದು ಬರೆದೇ ಇದೆಯಲ್ಲ ಎಂದು ಸಂಜೆಯ ಪ್ರಾರ್ಥನೆಯಲ್ಲಿ ಶುರುಮಾಡಿದರು. ಅಮ್ಮ ಅವರ ಮಾತಿನ ಮಧ್ಯದಲ್ಲೇ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದಳು. ನೀರು ಕೊಟ್ಟ ಆ ಮುದುಕಿಯ ಮನೆಯ ಮೇಲೆ ಬೀಳದಿರಲಿ, ಅವಳ ಮಕ್ಕಳು ಮನೆಗೆ ಬರಲಿ ಎಂದು. ನಮ್ಮ ಮನೆಯಲ್ಲಿ ಹೆಂಗಸರು ಹಾಗೆ ಮಧ್ಯ ಬಾಯಿ ಹಾಕಿದ್ದಿಲ್ಲ. ಅಮ್ಮ ನಿಲ್ಲಿಸಿದಾಗ ಅಜ್ಜಿ ಆಮೆನ್ ಎಂದರು. ತಾತನ ಪ್ರಾರ್ಥನೆಗಲ್ಲ, ಅಮ್ಮನದಕ್ಕೆ.

ಆ ಬೇಸಿಗೆಯಲ್ಲಿ ತಾತನ ಕಣ್ಣಿನ ಆಪರೇಷನ್ ಆಯಿತು. ಅಮ್ಮ ಹಟ ಹಿಡಿದು ಹೊಸಕೋಟೆಯ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದಳು. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ತಾತನಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಹಾಕುತ್ತಿದ್ದವಳು ಅವಳೇ. ಒಂದು ಮಧ್ಯಾಹ್ನ ಅವಳಿಲ್ಲದಾಗ ಆ ಕೆಲಸ ನನಗೆ ಬಿತ್ತು. ಪಟ್ಟಿ ಸರಿಸಿ, ಒಂದು ಕಣ್ಣಿನ ರೆಪ್ಪೆ ಬಿಡಿಸಿ ಹನಿ ಹಾಕಿದೆ. ತಾತ ನನ್ನ ಮಣಿಕಟ್ಟು ಹಿಡಿದು, ತಮ್ಮ ಮೊದಲನೆಯ ಮಗುವಿನ ವಿಷಯ ಹೇಳಿದರು. ಅಪ್ಪನಿಗಿಂತ ಮುಂಚೆ ಹುಟ್ಟಿದ ಹೆಣ್ಣು, ನಾಲ್ಕು ವರ್ಷಕ್ಕೆ ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಹೋಯಿತು. ಆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ದೇವರು ತೆಗೆದುಕೊಂಡ ಎಂದು ನಂಬಿ ಎದ್ದು ಕೂತೆ ಎಂದರು.

"ಯಾರ ಕೈಲೂ ಇಲ್ಲ, ಸುಮ್ಮನೆ ಆಯ್ತು ಅಂದ್ಕೊಂಡಿದ್ರೆ ನಾನು ಎದ್ದೇಳ್ತಿರ್ಲಿಲ್ಲ ಮಗಳೇ. ಅದನ್ನ ನನ್ನಿಂದ ಕಿತ್ಕೋಬೇಡ."

ನನ್ನ ಕಣ್ಣು ತುಂಬಿತು. ಆದರೂ, ಆ ಭಾನುವಾರ ನೀವು ಅಮ್ಮನನ್ನು ನನ್ನಿಂದ ಕಿತ್ತುಕೊಂಡಿರಿ ತಾತ ಎಂದೆ. ಅವರು ಮಣಿಕಟ್ಟು ಬಿಟ್ಟರು. ಹನಿ ಹಾಕುವುದು ಇನ್ನೊಂದು ಕಣ್ಣಿಗೆ ಬಾಕಿಯಿತ್ತು. ಹಾಕಿದೆ. ಪಟ್ಟಿ ಬಿಚ್ಚಿದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು, ಓದಲು ಅವರಿಗೆ ಯಾರೂ ಬೇಕಾಗಲಿಲ್ಲ. ಅಮ್ಮನನ್ನು ಕುವೈತಿನ ಆಸ್ಪತ್ರೆ ಮತ್ತೆ ಕರೆಯಿತು, ಅವಳು ಮತ್ತೆ ಹೋದಳು. ಈ ಸಲ ತಾತ ಎಲ್ಲಿಗೂ ಹೋಗದೆ ಜಗುಲಿಯಲ್ಲೇ ಕೂತಿದ್ದರು. ಕೈ ಇಡಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿದರು.

ನನಗೆ ಹದಿಮೂರಾದಾಗ ಕರ್ತನ ಭೋಜನಕ್ಕೆ ಸೇರಿಸಿಕೊಳ್ಳುವ ಮಾತು ಬಂತು. ರೊಟ್ಟಿ ಮತ್ತು ರಸ ಕೊಡುವ ಅಧಿಕಾರ ಉಪದೇಶಿಗಿಲ್ಲ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಪಾದ್ರಿ ಅಯ್ಯನವರು ಬರುತ್ತಿದ್ದರು. ಮೊದಲ ಸಲ ಕೈ ಚಾಚುವ ಮಕ್ಕಳನ್ನು ಸಭೆಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುವುದು ರೂಢಿ. ನಾವು ಮೂವರು ನಿಂತಿದ್ದೆವು. ನನ್ನ ಸರದಿ ಬಂದಾಗ, ಅಪ್ಪನಿಗೆ ಬುದ್ಧಿ ಹೇಳಿಹೋಗಿದ್ದ ಅದೇ ಹಿರಿಯರು ಎದ್ದರು. ಈ ಹುಡುಗಿ ದೇವರ ಮನೆಯಲ್ಲಿ ಉಪದೇಶಿಗಳಿಗೆ ಎದುರಾಡಿದ್ದಾಳೆ, ಕ್ಷಮೆ ಕೇಳಿಲ್ಲ, ಕೇಳಿದ ಮೇಲೆ ಕೊಡಬಹುದು ಎಂದರು. ಅಯ್ಯನವರು ಒಳ್ಳೆಯ ಮನುಷ್ಯ. ಒಂದು ಮಾತು ಹೇಳಿಬಿಡಮ್ಮ, ಮುಗಿಯುತ್ತೆ ಎಂದು ಮೆಲ್ಲಗೆ ಹೇಳಿದರು. ಅಪ್ಪ ಎದ್ದು ನಿಂತ. ಏನಾದರೂ ಹೇಳುತ್ತಾನೆಂದುಕೊಂಡೆ, ಹೇಳಲಿಲ್ಲ, ಆದರೆ ಕೂರಲೂ ಇಲ್ಲ. ನಾನು ಅಯ್ಯನವರಿಗೆ, ಪುಸ್ತಕದಲ್ಲಿ ಇದ್ದದ್ದನ್ನೇ ಓದಿದೆ, ಕೇಳಿದ್ದು ನಮ್ಮಮ್ಮನಿಗೋಸ್ಕರ, ಅದು ತಪ್ಪಾಗಿದ್ದರೆ ನನಗೆ ರೊಟ್ಟಿ ಬೇಡ ಎಂದೆ. ಬೇಡವೆಂದರೆ ನಿಜವಾಗಿಯೂ ಸಿಗುವುದಿಲ್ಲ, ಈ ಮನೆಯ ಚಾಪೆಯ ಮೇಲೆ ಇವರೆಲ್ಲರ ನಡುವೆ ಇನ್ನು ಮುಂದೆ ನಾನೊಬ್ಬಳೇ ಕೈ ಮಡಚಿಕೊಂಡು ಕೂರಬೇಕು ಎಂದು ಆಗ ಹೊಳೆಯಿತು. ಆದರೂ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಅಯ್ಯನವರು ತಾತನ ಕಡೆ ನೋಡಿದರು. ಅನ್ಯಾಯವಾಗಿದ್ದರೆ ಅದು ಅವರಿಗೆ, ತೀರ್ಮಾನ ಅವರೇ ಹೇಳಲಿ ಎಂದರು.

ತಾತ ಕುರ್ಚಿಯ ಕೈ ಊರಿ ಎದ್ದರು. ಆ ದಪ್ಪ ಗಾಜಿನ ಹಿಂದಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಕನ್ನಡಕ ಬಂದ ಮೇಲೂ ಅವರು ನನ್ನ ಮುಖವನ್ನು ಹಾಗೆ ನೇರವಾಗಿ ನೋಡಿರಲಿಲ್ಲ.

"ಅವಳು ಕ್ಷಮೆ ಕೇಳಲ್ಲ ಅಯ್ಯನವರೇ, ನನಗೆ ಗೊತ್ತು," ಎಂದರು. "ನಾನೂ ಹೇಳಿದ್ದನ್ನ ಹಿಂದಕ್ಕೆ ತಗೊಳ್ಳಲ್ಲ. ರೊಟ್ಟಿ ಕೊಡಿ."

ಹಿರಿಯರು ಏನೋ ಹೇಳಹೊರಟರು. ತಾತ ಅವರ ಕಡೆ ತಿರುಗಲಿಲ್ಲ. ಅಯ್ಯನವರು ತಟ್ಟೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತರು. ಪಕ್ಕದಲ್ಲಿದ್ದ ಇಬ್ಬರು ಮಕ್ಕಳೂ ತಲೆ ತಗ್ಗಿಸಿದ್ದರು. ನಾನು ತಾತನನ್ನೇ ನೋಡುತ್ತ ಕೈ ಚಾಚಿದೆ.